ಬೋರ್ಡೋದಿಂದ ಒಂದು ದಿನದ ವೈನ್ ಟೂರ್

ಪ್ರಶ್ನೆ: ಫ್ರಾನ್ಸ್‌ನ ಬೋರ್ಡೋಗೆ ಹೋಗುತ್ತಿದ್ದೇವೆ. ದ್ರಾಕ್ಷಿತೋಟ, ಸೇಂಟ್ ಎಮಿಲಿಯಾಂ ಹಳ್ಳಿ ಎರಡನ್ನೂ ತೋರಿಸುವ ಗೈಡ್ ಟೂರ್ ತಗೊಳ್ಳಬಹುದಾ? ನಾನು ವೈನ್ ಕುಡಿಯುವುದಿಲ್ಲ.

ಉತ್ತರ: ಖಂಡಿತ ತಗೊಳ್ಳಿ. ಹಳ್ಳಿಗೆ ರೈಲಿನಲ್ಲೂ ಹೋಗಬಹುದು, ಸುಮಾರು ಅರ್ಧ ಗಂಟೆ ಅಷ್ಟೇ, ಆದರೆ ತೋಟಗಳು ದೂರ ದೂರ ಇವೆ, ರುಚಿ ನೋಡಿದವರು ಕಾರು ಓಡಿಸುವುದು ಬೇಡ ಅಲ್ವಾ. ಬುಕ್ ಮಾಡುವ ಮುಂಚೆ ಒಂದು ವಿಷಯ ಕೇಳಿಕೊಳ್ಳಿ: ಸುಣ್ಣಕಲ್ಲಿನ ಬಂಡೆಯನ್ನೇ ಕೊರೆದು ಮಾಡಿದ ನೆಲದಡಿಯ ಚರ್ಚ್ ಟೂರ್‌ನಲ್ಲಿ ಸೇರಿದೆಯಾ ಅಂತ. ಅದರೊಳಗೆ ಗೈಡ್ ಜೊತೆ ಮಾತ್ರ ಬಿಡುತ್ತಾರೆ, ಇಡೀ ಊರಿನಲ್ಲಿ ನನಗೆ ಅದೇ ಜಾಸ್ತಿ ಇಷ್ಟ. ಈ ಊರು, ಸುತ್ತಲಿನ ತೋಟಗಳು 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಕುಡಿಯದಿದ್ದರೂ ನೆಲಮಾಳಿಗೆ, ಪೀಪಾಯಿಗಳನ್ನು ನೋಡಬಹುದು. ಕಲ್ಲುಹಾಸಿನ ಬೀದಿಗಳು ತುಂಬಾ ಕಡಿದಾಗಿವೆ, ಜಾರದ ಶೂ ಹಾಕಿಕೊಳ್ಳಿ.