ಮುರಿದದ್ದು ರಟ್ಟೆ, ಇಡೀ ಮೈಗೆ ಅರಿವಳಿಕೆ ಏಕೆ?

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ತೋಟದಲ್ಲಿ ಪಾಚಿಗಟ್ಟಿದ ಸಂಕದ ಮೇಲೆ ಜಾರಿ ಬಿದ್ದು ಬಲ ರಟ್ಟೆಯ ಮೂಳೆ ನಡುಭಾಗದಲ್ಲಿ ಮುರಿದಿದೆ. ಪ್ಲೇಟ್ ಹಾಕಬೇಕಂತೆ. ಅವರಿಗೆ ಬೀಡಿಯ ಚಟವಿದೆ, ಏರು ಹತ್ತಿದರೆ ಏದುಸಿರು ಬರುತ್ತದೆ. ಪಕ್ಕದ ಮನೆಯವರ ಮಣಿಕಟ್ಟಿಗೆ ಕೈಯನ್ನು ಮಾತ್ರ ಜೋಮು ಹಿಡಿಸಿ ಆಪರೇಷನ್ ಮಾಡಿದ್ದರು. ನಮ್ಮ ತಂದೆಗೆ ಪೂರ್ತಿ ಅರಿವಳಿಕೆಯ ಜೊತೆಗೆ ಕತ್ತಿನ ಹತ್ತಿರ ಇಂಜೆಕ್ಷನ್ನೂ ಕೊಡುತ್ತಾರಂತೆ. ಎರಡೂ ಬೇಕೆ? ಬಿಲ್ ಏರಿಸುವ ಉಪಾಯವೆ?
– ಓದುಗರೊಬ್ಬರು, ಸಾಗರ

ಉತ್ತರ: ನಾನು ಅರಿವಳಿಕೆ ಕೊಡುವ ವೈದ್ಯೆ. ಬಿಲ್ಲಿನ ಪ್ರಶ್ನೆ ನನಗೆ ಹೊಸದಲ್ಲ, ಕೇಳಿದ್ದಕ್ಕೆ ಬೇಸರವೂ ಇಲ್ಲ. ಆದರೆ ಎರಡನ್ನೂ ಕೂಡಿಸಿ ಕೊಡುವುದು ಇಂಥ ಆಪರೇಷನ್‌ಗೆ ವಾಡಿಕೆ.

ಪಕ್ಕದ ಮನೆಯವರ ಲೆಕ್ಕ ನಿಮ್ಮ ತಂದೆಗೆ ಹೊಂದುವುದಿಲ್ಲ. ಕತ್ತಿನಿಂದ ಕೈಗೆ ಇಳಿಯುವ ನರಜಾಲದ ಸುತ್ತ ಔಷಧಿ ಬಿಟ್ಟರೆ ಮಣಿಕಟ್ಟಿನ ಕೆಲಸ ಸಲೀಸಾಗಿ ಮುಗಿಯುತ್ತದೆ. ರಟ್ಟೆಯ ಒಳಬದಿಯ ಚರ್ಮಕ್ಕೆ ಮಾತ್ರ ಎದೆಯ ಭಾಗದಿಂದ ಬರುವ ಬೇರೆ ನರವಿದೆ. ಅದು ಆ ಜಾಲಕ್ಕೆ ಸೇರಿದ್ದಲ್ಲ. ಜೊತೆಗೆ, ಮೂಳೆಯ ನಡುಭಾಗವನ್ನು ಹಿಂದಿನಿಂದ ತೆರೆಯುವುದಾದರೆ ರೋಗಿ ಮಗ್ಗುಲಾಗಿ ಮಲಗಿ ಅಲುಗಾಡದೆ ಇರಬೇಕು. ಡ್ರಿಲ್ಲಿನ ಸದ್ದು ಕೇಳುತ್ತ ಅಷ್ಟು ಹೊತ್ತು ಎಚ್ಚರವಾಗಿ ಮಲಗುವವರು ಕಡಿಮೆ.

ಹಾಗಾದರೆ ಇಂಜೆಕ್ಷನ್ ಏಕೆ? ಎದ್ದ ಮೇಲಿನ ನೋವಿಗೆ. ಅದು ಹಲವು ಗಂಟೆ ನೋವನ್ನು ತಡೆಯುವುದರಿಂದ ಮಾರ್ಫಿನ್ ಬಗೆಯ ಔಷಧಿ ಕಡಿಮೆ ಸಾಕಾಗುತ್ತದೆ. ಆ ಔಷಧಿ ಉಸಿರನ್ನು ಮಂದ ಮಾಡುವಂಥದ್ದು. ಬೀಡಿ ಸೇದಿದ ಎದೆ ಕೆಮ್ಮಿ ಕಫ ಹೊರಹಾಕಬೇಕಾದರೆ ಎಚ್ಚರವೂ ಬೇಕು, ಉಸಿರಿನ ಬಲವೂ ಬೇಕು.

ನೀವು ಕೇಳಬೇಕಾದ ಪ್ರಶ್ನೆ ಬೇರೆಯದು: ಸೂಜಿ ಎಲ್ಲಿ? ಕತ್ತಿನ ಮಗ್ಗುಲಲ್ಲಿ ಎತ್ತರದಲ್ಲಿ ಕೊಟ್ಟರೆ ಪಕ್ಕದಲ್ಲೇ ಹಾದುಹೋಗುವ ವಪೆಯ (ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸುವ ಸ್ನಾಯು) ನರಕ್ಕೂ ಜೋಮು ಹಿಡಿಯುತ್ತದೆ, ಆ ಬದಿಯ ವಪೆ ಕೆಲ ಗಂಟೆ ಸುಮ್ಮನಾಗುತ್ತದೆ. ಗಟ್ಟಿಮುಟ್ಟಾದವರಿಗೆ ಅದು ಗೊತ್ತೂ ಆಗದು. ಏದುಸಿರಿನವರಿಗೆ ದೊಡ್ಡ ತೊಂದರೆ. ಅಲ್ಟ್ರಾಸೌಂಡ್ ನೋಡಿಕೊಂಡು ಕೊರಳೆಲುಬಿನ ಮೇಲೆ ಕಡಿಮೆ ಔಷಧಿ ಕೊಟ್ಟರೆ ಆ ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಮುರಿತ ನಡುಭಾಗದಲ್ಲಿರುವುದರಿಂದ ನಾನಾದರೆ ಅಲ್ಲಿಯೇ ಕೊಡುತ್ತೇನೆ. ಏದುಸಿರಿನ ವಿಷಯವನ್ನು ಮುಚ್ಚಿಡದೆ ಹೇಳಿ; ಬೀಡಿಯನ್ನು ಇವತ್ತೇ ಬಿಡಿಸಿ.

ಇನ್ನೊಂದು ಮಾತು. ರಟ್ಟೆಯ ಮೂಳೆಯನ್ನು ಬಳಸಿಕೊಂಡು ಹೋಗುವ ನರ ಮುರಿತದಲ್ಲೇ ಪೆಟ್ಟು ತಿಂದಿರಬಹುದು. ತಂದೆಗೆ ಮಣಿಕಟ್ಟನ್ನು ಮೇಲಕ್ಕೆ ಎತ್ತಲು, ಹೆಬ್ಬೆರಳನ್ನು ಚಾಚಲು ಆಗುತ್ತದೆಯೆ ಎಂದು ಇಂಜೆಕ್ಷನ್‌ಗೆ ಮೊದಲೇ ಪರೀಕ್ಷಿಸಿ ಬರೆದಿಡಬೇಕು. ಜೋಮು ಹಿಡಿದ ಮೇಲೆ ಕೈ ಎತ್ತದಿದ್ದರೆ ಕಾರಣ ಮುರಿತವೊ, ಪ್ಲೇಟೊ, ಸೂಜಿಯೊ ಹೇಳಲಾಗದು. ಈಗಲೇ ಮಣಿಕಟ್ಟು ಜೋತುಬಿದ್ದಿದ್ದರೆ, ಆಪರೇಷನ್ ಮುಗಿದು ನರ ನೋಡುವವರೆಗೆ ಇಂಜೆಕ್ಷನ್ ಬೇಡವೆನ್ನುವ ವೈದ್ಯರೂ ಇದ್ದಾರೆ. ಅದೂ ಸರಿಯಾದ ನಿರ್ಧಾರವೇ.

ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಪಟ್ಟಿಯನ್ನೇ ಒಯ್ದು ತೋರಿಸಿ. ಊಟವಾಗಿ ಆರು ಗಂಟೆ, ಎಣ್ಣೆ ತಿಂಡಿಯಾದರೆ ಎಂಟು ಗಂಟೆ ಕಳೆದಿರಬೇಕು. ಬರಿ ನೀರಿಗೆ ಎರಡು ಗಂಟೆ. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ (ಇದನ್ನು ನಂಬಿಸುವುದೇ ನನಗೆ ಕಷ್ಟದ ಕೆಲಸ). ಆಪರೇಷನ್ ಆದ ರಾತ್ರಿ ಅವರು ನೋವಿಲ್ಲ, ಮಾತ್ರೆ ಬೇಡ ಎನ್ನುತ್ತಾರೆ. ಜೋಮು ಇಳಿದಾಗ ನೋವು ಒಮ್ಮೆಲೇ ಬರುತ್ತದೆ. ವೈದ್ಯರು ಹೇಳಿದ ಹೊತ್ತಿಗೆ ಮಾತ್ರೆ ಕೊಟ್ಟುಬಿಡಿ.