ಸರ್ಕಾರ ಬದಲಾದರೆ ಚಂದ್ರನ ದಾರಿ ಮುಚ್ಚುತ್ತದೆಯೇ?

ಸಾಗರದ ಹೈಸ್ಕೂಲ್ ಶಿಕ್ಷಕಿಯೊಬ್ಬರ ಪತ್ರ: "2035ಕ್ಕೆ ನಮ್ಮದೇ ಬಾಹ್ಯಾಕಾಶ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯರು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ಅಷ್ಟರೊಳಗೆ ಲೋಕಸಭೆಗೆ ಮೂರು ಚುನಾವಣೆ ಆಗಿರುತ್ತವೆ. ಅಮೆರಿಕದಲ್ಲಿ ಒಬ್ಬ ಅಧ್ಯಕ್ಷ ಶುರು ಮಾಡಿದ್ದನ್ನು ಮುಂದಿನವರು ನಿಲ್ಲಿಸುತ್ತಾರೆ. ಇಲ್ಲೂ ಹಾಗಾದರೆ ಏನು ಗತಿ? ಇದನ್ನು ನಂಬಿಕೊಂಡು ಓದಿ ಅಂತ ಮಕ್ಕಳಿಗೆ ಹೇಗೆ ಹೇಳಲಿ?"

ಮೇಡಂ, ನಮಸ್ಕಾರ.

ನಿಮ್ಮ ಲೆಕ್ಕ ಸರಿಯಾಗಿದೆ. ಎಲ್ಲ ಅವಧಿಗೆ ತಕ್ಕಂತೆ ನಡೆದರೆ 2029, 2034, 2039ರಲ್ಲಿ ಚುನಾವಣೆ. ಯಾರು ಗೆಲ್ಲುತ್ತಾರೋ ಈಗಲೇ ಹೇಳಲಾಗದು. ಆದರೆ ನನಗೆ ಚುನಾವಣೆಗಿಂತ ಜಾಸ್ತಿ ಚಿಂತೆ ಇರುವುದು ದುಡ್ಡಿನದು. ಘೋಷಣೆ ದೊಡ್ಡದಾಗಿದ್ದು, ಅದಕ್ಕೆ ತಕ್ಕ ಹಣ ವರ್ಷ ವರ್ಷ ಬರದಿದ್ದರೆ ಯೋಜನೆ ಒಳಗೊಳಗೇ ಸೊರಗುತ್ತದೆ. ಆಮೇಲೆ ಬಂದ ಸರ್ಕಾರ ಅದಕ್ಕೆ ಕೊನೆಯ ಸಹಿ ಹಾಕುತ್ತದೆ, ಅಷ್ಟೇ.

ನೀವು ಹೇಳಿದ ಅಮೆರಿಕದ್ದೇ ನೋಡೋಣ. 2003ರ ಫೆಬ್ರುವರಿಯಲ್ಲಿ ಕೊಲಂಬಿಯಾ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ಮರುವರ್ಷ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ 2020ರೊಳಗೆ ಮತ್ತೆ ಚಂದ್ರನ ಮೇಲೆ ಇಳಿಯುತ್ತೇವೆ ಎಂದರು. ಕಾನ್‌ಸ್ಟೆಲೇಶನ್ ಯೋಜನೆ ಹುಟ್ಟಿದ್ದು ಹಾಗೆ. ಅದರಲ್ಲಿ ಏರೀಸ್ ರಾಕೆಟ್, ಓರಿಯನ್ ಕ್ಯಾಪ್ಸೂಲ್, ಆಲ್ಟೇರ್ ಲ್ಯಾಂಡರ್ ಇದ್ದವು. 2010ರ ಫೆಬ್ರುವರಿಯ ಬಜೆಟ್‌ನಲ್ಲಿ ಒಬಾಮ ಅದನ್ನು ಕೈಬಿಟ್ಟರು. ಅಷ್ಟು ಹೊತ್ತಿಗೆ ಸುಮಾರು 900 ಕೋಟಿ ಡಾಲರ್ ಖರ್ಚಾಗಿತ್ತು.

ಒಬಾಮ ಬಂದರು, ಬುಷ್ ಯೋಜನೆ ಸತ್ತಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ. ಅದಕ್ಕೂ ಮೊದಲು ನಾರ್ಮನ್ ಆಗಸ್ಟೀನ್ ಅವರ ಸಮಿತಿ ಇಡೀ ಯೋಜನೆಯ ಲೆಕ್ಕ ತೆಗೆದಿತ್ತು. ಈಗ ಕೊಡುತ್ತಿರುವ ದುಡ್ಡಿನಲ್ಲಿ ಇದು ಆಗುವ ಮಾತಲ್ಲ ಎಂದು 2009ರಲ್ಲೇ ಹೇಳಿತ್ತು. ಬುಷ್ ಕಾಲದಲ್ಲೇ ಯೋಜನೆಗೆ ಬೇಕಾದಷ್ಟು ಹಣ ಸಿಕ್ಕಿರಲಿಲ್ಲ.

ಮುಂದೆ ಆದದ್ದು ಇನ್ನೂ ಕುತೂಹಲದ ಸಂಗತಿ. ಏರೀಸ್ ಹೋಯಿತು, ಆಲ್ಟೇರ್ ಹೋಯಿತು, ಓರಿಯನ್ ಉಳಿಯಿತು. ಅದೇ 2010ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಕಾನೂನು ಮಾಡಿ ಎಸ್‌ಎಲ್‌ಎಸ್ ಎಂಬ ಹೊಸ ದೊಡ್ಡ ರಾಕೆಟ್ ಕಟ್ಟಲು ನಾಸಾಕ್ಕೆ ಹೇಳಿತು. ಏರೀಸ್‌ಗಾಗಿ ಫ್ಲೋರಿಡಾದಲ್ಲಿ ಎತ್ತಿ ನಿಲ್ಲಿಸಿದ್ದ, ನೂರು ಮೀಟರಿಗೂ ಎತ್ತರದ ಉಕ್ಕಿನ ಉಡಾವಣಾ ಗೋಪುರವನ್ನು ಈ ರಾಕೆಟ್‌ಗೆ ಹೊಂದುವಂತೆ ಬದಲಾಯಿಸಿದರು. ಬುಷ್ ಕಾಲದಲ್ಲಿ ಗುತ್ತಿಗೆ ಕೊಟ್ಟ ಓರಿಯನ್ ಮೊದಲ ಸಲ ಹಾರಿದ್ದು ಒಬಾಮ ಕಾಲದಲ್ಲಿ, 2014ರ ಡಿಸೆಂಬರ್‌ನಲ್ಲಿ. ಮತ್ತೆ ಚಂದ್ರನಿಗೆ ಹೋಗುವ ಈ ಯೋಜನೆಗೆ ಆರ್ಟೆಮಿಸ್ ಎಂಬ ಹೆಸರು ಬಂದಿದ್ದು ಟ್ರಂಪ್ ಕಾಲದಲ್ಲಿ. ಜನರಿಲ್ಲದ ಅದೇ ಓರಿಯನ್ ಆ ಗೋಪುರದ ಪಕ್ಕದಿಂದಲೇ ಎದ್ದು ಚಂದ್ರನ ಸುತ್ತ ಹೋಗಿಬಂದಿದ್ದು ಬೈಡನ್ ಕಾಲದಲ್ಲಿ, 2022ರ ನವೆಂಬರ್ 16ರಂದು ಹೊರಟು.

ಯಾಕೆ ಉಳಿಯಿತು ಅಂದರೆ ಕೆಲಸ. ಅಲಬಾಮ, ಲೂಸಿಯಾನ, ಯೂಟಾ, ಫ್ಲೋರಿಡಾ, ಟೆಕ್ಸಸ್, ಹೀಗೆ ಎಷ್ಟೋ ರಾಜ್ಯಗಳಲ್ಲಿ ಈ ಯೋಜನೆಯಿಂದ ಊಟ ಮಾಡುವ ಮನೆಗಳಿವೆ. ಆ ರಾಜ್ಯಗಳ ಸೆನೆಟರ್‌ಗಳು ಪಕ್ಷ ಯಾವುದೇ ಇರಲಿ, ಬಿಟ್ಟುಕೊಡಲಿಲ್ಲ. 2025ರಲ್ಲಿ ಟ್ರಂಪ್ ಸರ್ಕಾರವೇ ಮೂರನೇ ಆರ್ಟೆಮಿಸ್ ಹಾರಾಟದ ನಂತರ ಎಸ್‌ಎಲ್‌ಎಸ್ ಮತ್ತು ಓರಿಯನ್ ನಿಲ್ಲಿಸೋಣ ಎಂದಾಗಲೂ ಕಾಂಗ್ರೆಸ್ ಒಪ್ಪದೆ ಇನ್ನಷ್ಟು ಹಣ ಕೊಟ್ಟಿತು. ಆರ್ಟೆಮಿಸ್ ಶುರು ಮಾಡಿದ ಅಧ್ಯಕ್ಷರೇ ಅದರ ರಾಕೆಟ್ಟನ್ನು ಬಿಡಲು ಹೊರಟಿದ್ದರು ಅನ್ನುವುದನ್ನು ಗಮನಿಸಿ. ಬಾಹ್ಯಾಕಾಶ ನಿಲ್ದಾಣದ ಕಥೆ ಇನ್ನೂ ಎದೆ ನಡುಗಿಸುವಂಥದ್ದು. 1993ರ ಜೂನ್‌ನಲ್ಲಿ ಅದನ್ನು ರದ್ದು ಮಾಡುವ ತಿದ್ದುಪಡಿ ಅಮೆರಿಕದ ಕೆಳಮನೆಯಲ್ಲಿ ಮತಕ್ಕೆ ಬಂತು. ರದ್ದು ಮಾಡಿ ಎಂದವರು 215, ಬೇಡ ಎಂದವರು 216. ಆ ಒಂದು ಮತ ಅತ್ತ ಬಿದ್ದಿದ್ದರೆ ಇವತ್ತಿನ ಅಂತರರಾಷ್ಟ್ರೀಯ ನಿಲ್ದಾಣ ಇರುತ್ತಿತ್ತೋ ಇಲ್ಲವೋ.

ಸರ್ಕಾರ ಬದಲಾಗಿ ಪೂರ್ತಿ ನೆಲಕಚ್ಚಿದ ಉದಾಹರಣೆಯೂ ಇದೆ. ಬ್ರಿಟನ್‌ನಲ್ಲಿ 1970ರಲ್ಲಿ ಅಧಿಕಾರಕ್ಕೆ ಬಂದ ಎಡ್ವರ್ಡ್ ಹೀತ್ ಸರ್ಕಾರ ಮರುವರ್ಷ ಜುಲೈನಲ್ಲಿ ಬ್ಲ್ಯಾಕ್ ಆ್ಯರೋ ರಾಕೆಟ್ ಯೋಜನೆ ರದ್ದು ಮಾಡಿತು. ತಯಾರಾಗಿದ್ದ ಒಂದು ರಾಕೆಟ್ಟನ್ನು ಆಸ್ಟ್ರೇಲಿಯಾದ ವೂಮೆರಾದಿಂದ ಅಕ್ಟೋಬರ್‌ನಲ್ಲಿ ಹಾರಿಸಿದರು. ಅದು ಪ್ರಾಸ್ಪೆರೊ ಎಂಬ ಉಪಗ್ರಹವನ್ನು ಕಕ್ಷೆಗೆ ಸೇರಿಸಿಯೂ ಬಿಟ್ಟಿತು. ಗೆದ್ದರೂ ಯೋಜನೆ ಮರಳಿ ಬರಲಿಲ್ಲ. ಆ ಎಂಜಿನಿಯರುಗಳ ಸಂಕಟ ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಇನ್ನು ನಮ್ಮ ಮನೆಗೆ ಬರೋಣ. ಪೀಣ್ಯದ ಶೆಡ್‌ಗಳಲ್ಲಿ ಯು.ಆರ್. ರಾವ್ ಅವರ ತಂಡ ಕಟ್ಟಿದ ನಮ್ಮ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್‌ನಲ್ಲಿ ಹಾರಿದಾಗ ಇಂದಿರಾ ಗಾಂಧಿ ಪ್ರಧಾನಿ. 1977ರಲ್ಲಿ ಅವರು ಸೋತರು. ತುರ್ತು ಪರಿಸ್ಥಿತಿಯ ಸಿಟ್ಟು ದೇಶದ ತುಂಬ ಇತ್ತು. ಇಂದಿರಾ ಕಾಲದ್ದೆಲ್ಲವನ್ನೂ ಕಿತ್ತು ಹಾಕಲು ನೆಪ ಬೇಕಿದ್ದರೆ ಆಗ ಸಿಗುತ್ತಿತ್ತು. ಆದರೂ ಇಸ್ರೋ ಅಧ್ಯಕ್ಷರಾಗಿ ಸತೀಶ್ ಧವನ್ ಅವರೇ ಮುಂದುವರಿದರು. ಭಾಸ್ಕರ-1 ಉಪಗ್ರಹ ಹಾರಿದ್ದು 1979ರ ಜೂನ್‌ನಲ್ಲಿ, ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿದ್ದಾಗ. ನಮ್ಮದೇ ರಾಕೆಟ್ ಎಸ್‌ಎಲ್‌ವಿ-3 ಆಗಸ್ಟ್‌ನಲ್ಲಿ ಸಮುದ್ರಕ್ಕೆ ಬಿದ್ದಾಗ ಚರಣ್ ಸಿಂಗ್ ಪ್ರಧಾನಿ. ಮರುವರ್ಷ ಜುಲೈ 18ರಂದು ಅದು ಗೆದ್ದಾಗ ಮತ್ತೆ ಇಂದಿರಾ. ಹದಿಮೂರು ತಿಂಗಳಲ್ಲಿ ಮೂವರು ಪ್ರಧಾನಿಗಳು, ಕೆಲಸ ಒಂದೇ.

ಚಂದ್ರಯಾನ-1 ಘೋಷಿಸಿದ್ದು 2003ರ ಸ್ವಾತಂತ್ರ್ಯ ದಿನದಂದು ವಾಜಪೇಯಿ, ಹಾರಿಸಿದ್ದು 2008ರಲ್ಲಿ ಮನಮೋಹನ್ ಸಿಂಗ್ ಸರ್ಕಾರ. ಚಂದ್ರಯಾನ-2ಕ್ಕೆ ಒಪ್ಪಿಗೆ ಕೊಟ್ಟಿದ್ದು ಅದೇ ಸಿಂಗ್ ಸರ್ಕಾರ, ಹಾರಿದ್ದು 2019ರಲ್ಲಿ ಮೋದಿ ಕಾಲದಲ್ಲಿ. ಮಂಗಳಯಾನವೂ ಅಷ್ಟೇ. ಹೊರಟಾಗ ಒಬ್ಬರು ಪ್ರಧಾನಿ, 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದಾಗ ಇನ್ನೊಬ್ಬರು. ತೀರಾ ತಣ್ಣಗೆ ಮಾಡಿ ದ್ರವವಾಗಿಸಿದ ಇಂಧನ ಉರಿಸುವ ಕ್ರಯೋಜೆನಿಕ್ ರಾಕೆಟ್ ಎಂಜಿನ್‌ದಂತೂ ಎಲ್ಲಕ್ಕಿಂತ ಉದ್ದದ ಕಥೆ. ಅಮೆರಿಕದ ಒತ್ತಡಕ್ಕೆ ರಷ್ಯಾ 1993ರಲ್ಲಿ ತಂತ್ರಜ್ಞಾನ ಕೊಡದೆ ಹಿಂದೆ ಸರಿಯಿತು. ನಾವೇ ಮಾಡಿಕೊಂಡ ಎಂಜಿನ್ ಗೆದ್ದಿದ್ದು 2014ರ ಜನವರಿಯಲ್ಲಿ. ನಡುವೆ ನರಸಿಂಹರಾವ್, ವಾಜಪೇಯಿ, ನಮ್ಮ ದೇವೇಗೌಡರು, ಗುಜ್ರಾಲ್, ಮನಮೋಹನ್ ಸಿಂಗ್ ಎಲ್ಲರೂ ಬಂದರು. ಯಾರೂ ನಿಲ್ಲಿಸಲಿಲ್ಲ.

ಬಾಹ್ಯಾಕಾಶ ಇಲಾಖೆ ನೇರವಾಗಿ ಪ್ರಧಾನಿಯ ಕೈಕೆಳಗೆ ಇರುವುದು ಇದಕ್ಕೆ ಒಂದು ಕಾರಣ. ಯಾರೇ ಪ್ರಧಾನಿಯಾದರೂ ಅದು ಅವರದೇ ಇಲಾಖೆ. ಇನ್ನೊಂದು ಕಾರಣವನ್ನು ನಾವು ಅಷ್ಟಾಗಿ ಮಾತಾಡುವುದಿಲ್ಲ. ಅದು ಕಡಿಮೆ ಖರ್ಚು. ಮಂಗಳಯಾನಕ್ಕೆ 450 ಕೋಟಿ, ಚಂದ್ರಯಾನ-3ಕ್ಕೆ ಸುಮಾರು 615 ಕೋಟಿ. ಅಷ್ಟು ದುಡ್ಡು ಉಳಿಸಲು ಹೋಗಿ ದೇಶದ ಹೆಮ್ಮೆ ಕಳೆದವರು ಅನ್ನಿಸಿಕೊಳ್ಳಲು ಯಾವ ಸರ್ಕಾರಕ್ಕೂ ಮನಸ್ಸಾಗದು.

ಮೇಡಂ, ನನ್ನ ಕಳವಳ ಶುರುವಾಗುವುದು ಇಲ್ಲೇ. ಮುಂದಿನದು ಆ ಅಳತೆಯ ಕೆಲಸವಲ್ಲ. ನಮ್ಮವರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನಕ್ಕೆ 2018ರಲ್ಲಿ 9,023 ಕೋಟಿ ಅಂದರು, 2024ರ ಸೆಪ್ಟೆಂಬರ್‌ನಲ್ಲಿ ಸಂಪುಟ ಅದನ್ನು 20,193 ಕೋಟಿಗೆ ಏರಿಸಿತು. 2022ಕ್ಕೆ ಹಾರಬೇಕಿದ್ದದ್ದು ಹಾರಲಿಲ್ಲ. ಆಗ ಸರ್ಕಾರವೇನೂ ಬದಲಾಗಿರಲಿಲ್ಲ, ಅಲ್ವಾ? ಇಡೀ ಬಾಹ್ಯಾಕಾಶ ಇಲಾಖೆಗೆ ವರ್ಷಕ್ಕೆ ಸಿಗುವುದು ಸುಮಾರು 13 ಸಾವಿರ ಕೋಟಿ. ಉಪಗ್ರಹ, ರಾಕೆಟ್, ಹವಾಮಾನ, ಸಂಬಳ ಎಲ್ಲ ಅದರಲ್ಲೇ ಆಗಬೇಕು.

2040 ಅನ್ನುವುದು ಗುರಿ. ಅದನ್ನು ಪ್ರಧಾನಿ 2023ರ ಅಕ್ಟೋಬರ್‌ನಲ್ಲಿ ಇಟ್ಟರು. ಹಣ ಮಂಜೂರಾದ ಪಟ್ಟಿ ಬೇರೆಯೇ ಇದೆ. 2024ರ ಅದೇ ಸಂಪುಟ ಸಭೆಯಲ್ಲಿ ಚಂದ್ರನಿಂದ ಮಣ್ಣು ತರುವ ಚಂದ್ರಯಾನ-4, ಹೊಸ ದೊಡ್ಡ ರಾಕೆಟ್ ಮತ್ತು ಶುಕ್ರಯಾನಕ್ಕೆ ಹಣ ಸಿಕ್ಕಿತು. ನಿಲ್ದಾಣದ ಐದು ಭಾಗಗಳಲ್ಲಿ ಮೊದಲನೆಯದಕ್ಕೆ ಮಾತ್ರ ಒಪ್ಪಿಗೆಯಾಯಿತು. ಅದು 2028ಕ್ಕೆ ಹೋಗಬೇಕು. ಉಳಿದ ನಾಲ್ಕಕ್ಕೆ, ಚಂದ್ರನ ಮೇಲೆ ಜನರನ್ನು ಇಳಿಸುವುದಕ್ಕೆ ಆ ಸಭೆ ಹಣ ಕೊಡಲಿಲ್ಲ.

ಹಾಗಾಗಿ ಮಕ್ಕಳಿಗೆ ಧೈರ್ಯವಾಗಿ ಓದಿ ಅನ್ನಿ. ಕ್ರಯೋಜೆನಿಕ್ ಕಲಿತವರು ಯಾವ ಸರ್ಕಾರ ಬಂದರೂ ಬೇಕಾದರು. ಅಮೆರಿಕದಲ್ಲಿ ಏರೀಸ್ ಹೋದರೂ ಓರಿಯನ್ ಕಟ್ಟಿದ ಕೈಗಳಿಗೆ ಕೆಲಸ ಇತ್ತು. ಜೊತೆಗೆ ಪ್ರತಿ ಫೆಬ್ರುವರಿಯ ಬಜೆಟ್ ಬಂದಾಗ ಬಾಹ್ಯಾಕಾಶ ಇಲಾಖೆಯ ಸಾಲನ್ನು ತರಗತಿಯಲ್ಲೇ ಅವರಿಂದ ಓದಿಸಿ. ಹಿಂದಿನ ವರ್ಷ ಕೊಟ್ಟಿದ್ದೆಷ್ಟು, ಅದರಲ್ಲಿ ಖರ್ಚಾಗಿದ್ದೆಷ್ಟು, ಈ ವರ್ಷ ಎಷ್ಟು ಅಂತ ಹೋಲಿಸಿ ನೋಡಲಿ. 2028ರ ಗಡುವು ಒಂದೆರಡು ವರ್ಷ ಜಾರಿದರೆ ಗಾಬರಿಯಾಗಬೇಡಿ. 2029ರ ನಂತರ ಬರುವ ಸರ್ಕಾರ, ಅದು ಯಾರದ್ದೇ ಇರಲಿ, ನಿಲ್ದಾಣದ ಉಳಿದ ಭಾಗಗಳ ಹಣ ಮಂಜೂರು ಮಾಡದೆ ಸುಮ್ನೆ 2035 ಅಂತ ಹೇಳುತ್ತಾ ಹೋದರೆ ಆಗ ಗಾಬರಿಯಾಗಿ. ನಿಮ್ಮ ಸಂಸದರನ್ನೂ ಆ ಪ್ರಶ್ನೆ ಕೇಳಿ.

- ಸಂಪಾದಕ