ಪಕ್ಕದ ಮನೆಯ ಯಜಮಾನರನ್ನು ಏಳನೇ ಪುಟಕ್ಕೆ ಯಾಕೆ ತಳ್ಳಿದಿರಿ?

ಮೇಷ್ಟ್ರೇ, ನಮಸ್ಕಾರ.

ಅಮೆರಿಕದವರು ಪಕ್ಷ, ಅಭ್ಯರ್ಥಿ, ನೀತಿ ಇವುಗಳಲ್ಲಿ ಯಾವುದನ್ನು ನೋಡಿ ವೋಟು ಹಾಕುತ್ತಾರೆ ಎಂಬ ನಿಮ್ಮ ‘ಅಮೆರಿಕದ ಮತದಾರನ ಮನಸ್ಸು’ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲಾರೆ. ‘ಸ್ಥಳಾಭಾವ’ ಎಂದು ಎರಡು ಸಾಲು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಏಳನೇ ಪುಟದ ಒಂದು ಪ್ಯಾರಾ ನನ್ನನ್ನು ಬಿಡಲಿಲ್ಲ, ಅದಕ್ಕೇ ಈ ಉದ್ದದ ಕಾಗದ.

ಮೊದಲ ಎರಡು ಪುಟ ತೆಗೆಯಿರಿ. ಕಮಲಾ ಹ್ಯಾರಿಸ್ ಅವರ ಅಜ್ಜನ ಊರು ತುಳಸೇಂದ್ರಪುರದಲ್ಲಿ ಪೂಜೆ ನಡೆದದ್ದನ್ನು ಆಗ ಎಲ್ಲ ಪೇಪರಿನವರೂ ಬರೆದರು. ನೀವು ಆರು ತಿಂಗಳು ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ಹತ್ತಿರ ಮಗಳ ಮನೆಯಲ್ಲಿದ್ದು ಬಂದವರು. ಅಲ್ಲಿ ಕೂತು ತಮಿಳುನಾಡಿನ ದೇವಸ್ಥಾನದಿಂದ ಯಾಕೆ ಶುರುಮಾಡಬೇಕು? ಡೆಮಾಕ್ರಟಿಕ್ ಪಕ್ಷ ನಮ್ಮ ಕಾಂಗ್ರೆಸ್ಸಿನ ಹಾಗೆ, ರಿಪಬ್ಲಿಕನ್ ಪಕ್ಷ ಬಿಜೆಪಿಯ ಹಾಗೆ ಎಂಬ ಸಾಲೂ ಹೋಗಲಿ. ಅಲ್ಲಿ ಟಿಕೆಟ್ ಹಂಚಲು ಹೈಕಮಾಂಡ್ ಇಲ್ಲ. ಪ್ರೈಮರಿ ಎಂಬ ಪಕ್ಷದ ಒಳಚುನಾವಣೆಯಲ್ಲಿ ಮತದಾರರೇ ಅಭ್ಯರ್ಥಿಯನ್ನು ಆರಿಸುತ್ತಾರೆ. ಬೈಡನ್ ನಡುವೆ ಹಿಂದೆ ಸರಿದು ಹ್ಯಾರಿಸ್ ಅಭ್ಯರ್ಥಿಯಾದ 2024ರಂಥ ವರ್ಷ ಅಪರೂಪ. ಪಕ್ಷ ಬೇರೆ, ಅಭ್ಯರ್ಥಿ ಬೇರೆ ಎಂದು ನೀವು ಗೆರೆ ಎಳೆದಷ್ಟು ಸಲೀಸಾಗಿ ಅಲ್ಲಿ ಗೆರೆ ಎಳೆಯಲು ಬಾರದಿರುವುದು ಇದರಿಂದಲೂ ಹೌದು.

ಇನ್ನು ನಿಮ್ಮ ಮುಖ್ಯ ವಾದ: ‘ನಾವು ಜಾತಿ ನೋಡಿ ಒತ್ತುತ್ತೇವೆ, ಅಮೆರಿಕದ ಪ್ರಜ್ಞಾವಂತ ಮತದಾರ ನೀತಿ ನೋಡಿ ಒತ್ತುತ್ತಾನೆ.’ ಪ್ರಜ್ಞಾವಂತ ಎಂಬ ಪದವನ್ನು ಹನ್ನೊಂದು ಸಲ ಬಳಸಿದ್ದೀರಿ. ಆಧಾರ ಒಂದು ಸಲವೂ ಬರಲಿಲ್ಲ.

ಮಿಶಿಗನ್ ವಿಶ್ವವಿದ್ಯಾಲಯದ ನಾಲ್ವರು ವಿದ್ವಾಂಸರು 1960ರಲ್ಲೇ ಬಹುತೇಕ ಇದಕ್ಕೆ ತದ್ವಿರುದ್ಧ ಹೇಳಿದ್ದರು. ಹೆಚ್ಚಿನವರಿಗೆ ಪಕ್ಷ ಎಂಬುದು ಮನೆದೇವರು ಬಂದ ಹಾಗೆ ಅಪ್ಪ ಅಮ್ಮನಿಂದ ಬರುತ್ತದೆ, ನೀತಿಯನ್ನೂ ಅಭ್ಯರ್ಥಿಯನ್ನೂ ಅವರು ನೋಡುವುದು ಆ ಪಕ್ಷದ ಕನ್ನಡಕ ಹಾಕಿಕೊಂಡೇ. ಆಮೇಲೆ ಬಂದವರು ಇದನ್ನು ಸಾಕಷ್ಟು ತಿದ್ದಿದ್ದಾರೆ, ಜಗಳವಾಡಿದ್ದಾರೆ. ಆದರೆ ಅದನ್ನು ಮುಟ್ಟದೆ ಈ ವಿಷಯ ಬರೆಯಲಾಗದು. ‘ಶೇ. 40ಕ್ಕೂ ಹೆಚ್ಚು ಜನ ಯಾವ ಪಕ್ಷಕ್ಕೂ ಸೇರದ ಸ್ವತಂತ್ರರು’ ಎಂದು ಗ್ಯಾಲಪ್ ಸಮೀಕ್ಷೆಯಿಂದ ಎತ್ತಿದ್ದೀರಿ, ಸರಿ. ಅದೇ ಸಮೀಕ್ಷೆಯವರು ‘ಯಾವ ಕಡೆ ವಾಲುತ್ತೀರಿ?’ ಎಂದು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಆಗ ಈ ಸ್ವತಂತ್ರರಲ್ಲಿ ಹೆಚ್ಚಿನವರು ಒಂದು ಕಡೆ ತೋರಿಸುತ್ತಾರೆ. ವೋಟು ಹಾಕುವಾಗಲೂ ಅವರಲ್ಲಿ ಬಹಳ ಮಂದಿ ಆ ಪಕ್ಷದವರ ಹಾಗೆಯೇ ಹಾಕುತ್ತಾರೆ. ನಮ್ಮಲ್ಲಿ ‘ನನಗೆ ರಾಜಕೀಯ ಆಗಿಬರಲ್ಲ’ ಎನ್ನುವ ಚಿಕ್ಕಪ್ಪನನ್ನು ನೀವೂ ನೋಡಿರುತ್ತೀರಿ.

ನೀತಿಯ ಲೆಕ್ಕ ಬೇಕಿದ್ದರೆ ಮಿಸ್ಸೌರಿ ನೋಡಿ. 2024ರ ನವೆಂಬರಿನಲ್ಲಿ ಅಲ್ಲಿ ಟ್ರಂಪ್ ಸುಮಾರು 18 ಶೇಕಡಾ ಅಂಶಗಳ ಅಂತರದಲ್ಲಿ ಗೆದ್ದರು. ಅದೇ ಮತಪತ್ರದಲ್ಲಿ ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸುವ ಪ್ರಶ್ನೆ ಇತ್ತು, ಕನಿಷ್ಠ ಕೂಲಿಯನ್ನು ಗಂಟೆಗೆ 15 ಡಾಲರಿಗೆ ಏರಿಸುವ ಪ್ರಶ್ನೆಯೂ ಇತ್ತು. ಎರಡೂ ಡೆಮಾಕ್ರಟರು ಬೆಂಬಲಿಸಿದ ವಿಷಯಗಳು. ಮೊದಲನೆಯದಕ್ಕೆ ಶೇ. 51ಕ್ಕಿಂತ ಹೆಚ್ಚು, ಎರಡನೆಯದಕ್ಕೆ ಶೇ. 57ಕ್ಕಿಂತ ಹೆಚ್ಚು ಮತ ಬಿದ್ದು ಎರಡೂ ಗೆದ್ದವು. ಫ್ಲಾರಿಡಾದಲ್ಲಿ 2020ರಲ್ಲೂ ಹೀಗೇ: ಗೆದ್ದದ್ದು ಟ್ರಂಪ್, ಜೊತೆಗೆ 15 ಡಾಲರ್ ಕೂಲಿ. ಇದನ್ನು ದಡ್ಡತನ ಎಂದು ಬರೆಯಬೇಡಿ. ಅವರಿಗೆ ವಲಸೆ, ಬೆಲೆಯೇರಿಕೆ ಹೆಚ್ಚು ತೂಕದ್ದಾಗಿರಬಹುದು, ಅವೂ ನೀತಿಗಳೇ. ನನಗೆ ಕಾಣುವ ಇನ್ನೊಂದು ಕಾರಣ ಸಣ್ಣದು, ಆದರೆ ಬಿಡುವಂಥದ್ದಲ್ಲ: ಕೂಲಿಯ ಪ್ರಶ್ನೆಯ ಪಕ್ಕದಲ್ಲಿ ಪಕ್ಷದ ಹೆಸರು ಅಚ್ಚಾಗಿರುವುದಿಲ್ಲ.

ಹಾಗಾಗಿ ಪಕ್ಷಕ್ಕೆ 30, ಅಭ್ಯರ್ಥಿಗೆ 30, ನೀತಿಗೆ 40 ಅಂಕ ಕೊಟ್ಟ ನಿಮ್ಮ ಕೋಷ್ಟಕ ಬೇಡ. ಮೂವತ್ತು ವರ್ಷ ಪೇಪರ್ ತಿದ್ದಿದ ಕೈ, ಅರ್ಥವಾಗುತ್ತದೆ. ‘ನಿಜ ಹೇಳುವ ನಾಯಕನಿಗೆ ಅಲ್ಲಿ ಮಣೆ’ ಎಂಬ ಸಾಲಿನ ಪಕ್ಕದಲ್ಲಿ ನಾನು ಪೆನ್ಸಿಲಿನಲ್ಲಿ ‘ಮಾಂಡೇಲ್’ ಎಂದು ಬರೆದಿಟ್ಟಿದ್ದೇನೆ. 1984ರಲ್ಲಿ ಅಧ್ಯಕ್ಷ ರೇಗನ್ ಎದುರು ನಿಂತ ಡೆಮಾಕ್ರಟಿಕ್ ಅಭ್ಯರ್ಥಿ ಅವರು. ಆ ಮನುಷ್ಯ ತೆರಿಗೆ ಏರಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಿದರು. ಕೊನೆಗೆ ಅವರಿಗೆ ದಕ್ಕಿದ್ದು ಸ್ವಂತ ರಾಜ್ಯ ಮಿನೆಸೋಟಾ ಮತ್ತು ರಾಜಧಾನಿ ವಾಷಿಂಗ್ಟನ್, ಅಷ್ಟೇ. (ಆರ್ಥಿಕತೆ ಚೇತರಿಸಿಕೊಂಡಿತ್ತು, ರೇಗನ್ ಜನಪ್ರಿಯರಾಗಿದ್ದರು. ತೆರಿಗೆಯ ಮಾತೊಂದರಿಂದಲೇ ಸೋತರು ಎಂದು ನೀವು ಬರೆದರೆ ಅದನ್ನೂ ಹೊಡೆದು ಹಾಕುತ್ತೇನೆ.) 1960ರ ಅಧ್ಯಕ್ಷ ಚುನಾವಣೆಯ ಕೆನಡಿ–ನಿಕ್ಸನ್ ಚರ್ಚೆಯನ್ನು ರೇಡಿಯೋದಲ್ಲಿ ಕೇಳಿದವರಿಗೆ ನಿಕ್ಸನ್ ಗೆದ್ದಂತೆ, ಟಿವಿಯಲ್ಲಿ ನೋಡಿದವರಿಗೆ ಕೆನಡಿ ಗೆದ್ದಂತೆ ಕಂಡಿತು ಎಂಬ ಕಥೆಯೂ ಬೇಡ. ಅದರ ಹಿಂದಿರುವ ಪುರಾವೆ ಬಲು ತೆಳು. ಅದರ ಬದಲು 1980ರಲ್ಲಿ ಕ್ಲೀವ್‌ಲ್ಯಾಂಡಿನ ಚರ್ಚೆಯಲ್ಲಿ ರೇಗನ್ ಕೇಳಿದ ಪ್ರಶ್ನೆ ಹಾಕಿ: ನಾಲ್ಕು ವರ್ಷದ ಹಿಂದಿಗಿಂತ ಈಗ ನೀವು ಚೆನ್ನಾಗಿದ್ದೀರಾ? ಪ್ರಣಾಳಿಕೆ ಓದದವರೂ ಉತ್ತರಿಸಬಲ್ಲ ಪ್ರಶ್ನೆ ಅದು.

ಇನ್ನು ಆ ಏಳನೇ ಪುಟ. ಪಕ್ಕದ ಮನೆಯ ಯಜಮಾನರು, ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅಂಗಳದಲ್ಲಿ ಟ್ರಂಪ್ ಬೋರ್ಡು. ಅವರ ಅಪ್ಪ ಗೋಡೆಗೆ ಡೆಮಾಕ್ರಟ್ ಅಧ್ಯಕ್ಷ ಕೆನಡಿಯ ಫೋಟೋ ಹಾಕಿಕೊಂಡಿದ್ದವರು. ನೀವು ಕೇಳಿದಾಗ ‘ಅಧ್ಯಕ್ಷರಿಗೆ ಟ್ರಂಪ್, ಸೆನೆಟ್ಟಿಗೆ ಕೇಸಿ’ ಎಂದರು, ಅಂದರೆ ಒಬ್ಬರು ರಿಪಬ್ಲಿಕನ್, ಇನ್ನೊಬ್ಬರು ಡೆಮಾಕ್ರಟ್. ಕೇಸಿ ಯಾಕೆ ಎಂದರೆ, ಕೇಸಿಯ ಅಪ್ಪ ಗವರ್ನರ್ ಆಗಿದ್ದ ಕಾಲದಿಂದ ನಮ್ಮ ಮನೆಯ ವೋಟು ಅವರಿಗೇ. ಟ್ರಂಪ್ ಯಾಕೆ ಎಂದರೆ, ಮೊಟ್ಟೆಯ ಬೆಲೆ. ಇಷ್ಟು ಬರೆದು ನೀವು ‘ಇಂಥ ಗೊಂದಲದ ಮತದಾರರೂ ಇದ್ದಾರೆ’ ಎಂದು ಮುಗಿಸಿಬಿಟ್ಟಿರಿ! ಗೊಂದಲ ಎಲ್ಲಿದೆ ಮೇಷ್ಟ್ರೇ? ನೀವು ಹತ್ತು ಪುಟ ಹುಡುಕಿದ್ದೆಲ್ಲ ಆ ಒಬ್ಬ ಮನುಷ್ಯನಲ್ಲಿ ಕೂತಿದೆ. ಲೇಖನ ಅವರ ಅಂಗಳದಿಂದಲೇ ಶುರುವಾಗಲಿ.

ಆದರೆ ಅವರನ್ನೇ ಇಡೀ ಪೆನ್ಸಿಲ್ವೇನಿಯಾ ಮಾಡಬೇಡಿ. ಅಲ್ಲಿ ಕೇಸಿಯನ್ನು ಸೋಲಿಸಿದ ರಿಪಬ್ಲಿಕನ್ ಮೆಕಾರ್ಮಿಕ್ ಅವರಿಗೆ ಟ್ರಂಪ್‌ಗಿಂತ ಸುಮಾರು 1 ಲಕ್ಷ 40 ಸಾವಿರ ಮತ ಕಡಿಮೆ ಬಿತ್ತು. ಆ ಮತಗಳೆಲ್ಲ ಕೇಸಿಗೆ ಹೋದವು ಅಂದುಕೊಂಡರೆ ತಪ್ಪು, ಕೇಸಿಗೆ ಸಿಕ್ಕಿದ್ದು ಹ್ಯಾರಿಸ್‌ಗಿಂತಲೂ ಕಡಿಮೆ. ಎಷ್ಟೋ ಜನ ಸೆನೆಟ್ಟಿನ ಸಾಲನ್ನು ಖಾಲಿ ಬಿಟ್ಟರು, ಕೆಲವರು ಸಣ್ಣ ಪಕ್ಷಗಳಿಗೆ ಹಾಕಿದರು. ಕೇಸಿ ಸೋತ ಅಂತರ ಸುಮಾರು 15 ಸಾವಿರ.

ಟಪ್ಪಾಲು ಡಬ್ಬಿಗೆ ದಿನಾ ಬೀಳುತ್ತಿದ್ದ ಪ್ರಚಾರದ ಕಾಗದಗಳ ಬಗ್ಗೆ ಗೊಣಗಿ ‘ವಿಷಯಾಂತರವಾಯಿತು, ಕ್ಷಮಿಸಿ’ ಎಂದಿದ್ದೀರಲ್ಲ, ಅದು ವಿಷಯಾಂತರವಲ್ಲ. ಮಗಳು ಡೆಮಾಕ್ರಟರ ಗೆಲುವು ಖಚಿತವಿದ್ದ ಕ್ಯಾಲಿಫೋರ್ನಿಯಾದಲ್ಲಿದ್ದಿದ್ದರೆ ಅಧ್ಯಕ್ಷ ಚುನಾವಣೆಯ ಅಷ್ಟು ಕಾಗದ ಬರುತ್ತಿರಲಿಲ್ಲ. ಅಧ್ಯಕ್ಷರನ್ನು ಕೊನೆಗೆ ಆರಿಸುವುದು ರಾಜ್ಯಗಳ ಪರವಾಗಿ ಮತ ಹಾಕುವ ಎಲೆಕ್ಟರುಗಳು: ಒಟ್ಟು 538, ಗೆಲ್ಲಲು 270. ಮೇಯ್ನ್, ನೆಬ್ರಾಸ್ಕ ಬಿಟ್ಟು ಉಳಿದ ಕಡೆ ರಾಜ್ಯ ಗೆದ್ದವರಿಗೆ ಅದರ ಅಷ್ಟೂ ಎಲೆಕ್ಟರುಗಳು. ಪೆನ್ಸಿಲ್ವೇನಿಯಾದ 19ರ ಮೇಲೆ ಇಬ್ಬರ ಕಣ್ಣೂ ಇತ್ತು. 2016ರಲ್ಲಿ ದೇಶದ ಒಟ್ಟು ಮತದಲ್ಲಿ ಸುಮಾರು 29 ಲಕ್ಷ ಹಿಂದಿದ್ದ ಟ್ರಂಪ್ ಅವರನ್ನು ಗೆಲ್ಲಿಸಿದ್ದು ಮಿಶಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಸೇರಿ 80 ಸಾವಿರಕ್ಕೂ ಕಡಿಮೆ ಮತಗಳ ಅಂತರ. ಬಹುಪಾಲು ಮತದಾರರು ತಮ್ಮ ಪಕ್ಷ ಬಿಟ್ಟು ಕದಲುವುದಿಲ್ಲ, ಕದಲುವ ಸ್ವಲ್ಪ ಜನರ ವಿಳಾಸ ಹುಡುಕಿಕೊಂಡು ಆ ಕಾಗದಗಳು ಹೊರಡುತ್ತವೆ. ನಿಮ್ಮ ಪಕ್ಕದ ಮನೆಗೆ ಎಷ್ಟು ಬರುತ್ತಿತ್ತು ಎಂದು ನೋಡಿದ್ದೀರಾ?

ಹತ್ತು ಪುಟ ಐದಾಗಲಿ. ಆ ಯಜಮಾನರ ಹೆಸರು, ಬೀದಿ ಹಾಕಬೇಡಿ, ಬರೆಯಲು ಅವರ ಒಪ್ಪಿಗೆ ಇರಲಿ. ಮಗಳ ಕೈಲಿ ಅವರಿಗೆ ಒಂದು ಪ್ರಶ್ನೆ ಕೇಳಿಸಿ: ಅಪ್ಪನ ಪಕ್ಷ ಬಿಟ್ಟು ಮೊದಲ ಸಲ ಬೇರೆಯವರಿಗೆ ಹಾಕಿದ್ದು ಯಾವ ವರ್ಷ, ಮನೆಯಲ್ಲಿ ಅದನ್ನು ಹೇಳಿದರೋ ಇಲ್ಲವೋ? ಉತ್ತರ ಬಂದಮೇಲೆ ಬರೆಯಲು ಕೂರಿ. ದೀಪಾವಳಿ ವಿಶೇಷಾಂಕಕ್ಕಲ್ಲ, ಅದರ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ